ಬಿಡುಗಡೆಗೆ ಮೊದಲೇ ಸುದ್ದಿ ತಲುಪಲಿ: ಮುಕ್ತ ತಂತ್ರಾಂಶದ ದೊಡ್ಡ ಬದಲಾವಣೆಗಳನ್ನು ತಿಳಿಸುವ ಸಮಗ್ರ ಮಾರ್ಗದರ್ಶಿ

ಮದ್ದೂರು ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಹಕಾರ ಸಂಘ ಎಂದಿಟ್ಟುಕೊಳ್ಳಿ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲು ಅಳೆದು, ಫ್ಯಾಟು (ಕೊಬ್ಬಿನಂಶ), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಲೆಕ್ಕ ಇಡುವ ತಂತ್ರಾಂಶ ಅಲ್ಲಿನ ಕಂಪ್ಯೂಟರಿನಲ್ಲಿದೆ. ಅದನ್ನು ಬರೆದವರು ಮೈಸೂರಿನ ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಕೋಡ್ ಮುಕ್ತವಾಗಿದೆ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದು. ಇಲ್ಲಿಯವರೆಗೆ ಅದು ವರದಿಗಳನ್ನು ನುಡಿ ಎಂಬ ಕನ್ನಡ ಬರೆಯುವ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿಗೆ (ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುವ ಮಾದರಿಗೆ) ಹೊಂದುವಂತೆ ಬರೆಯುತ್ತಿತ್ತು. ಮುಂದಿನ ಆವೃತ್ತಿಯಿಂದ, ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಗೊತ್ತುಮಾಡಿರುವ ಯೂನಿಕೋಡ್‌ನಲ್ಲಿ ಬರೆಯುತ್ತದೆ. ನಿರ್ಧಾರ ಸರಿಯಾದದ್ದೇ, ತಡವಾಗಿಯೇ ಆಯಿತು ಎನ್ನಬಹುದು. ಆದರೆ ಬಟವಾಡೆ ದಿನ ರಸೀದಿ ಪ್ರಿಂಟ್ ಕೊಟ್ಟ ಸೆಕ್ರೆಟರಿ, ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನಿಗೆ ಫೋನ್ ಮಾಡಿ, "ಬಂದ್ ನೋಡ್ ಬಾಪ್ಪ, ಅಕ್ಸರನೇ ಬತ್ತಿಲ್ಲ ಕಣಪ್ಪ, ಬರೀ ಡಬ್ಬ ಡಬ್ಬ ಬತ್ತಾವೆ" ಎನ್ನುವಂತಾದರೆ? ಹೊರಗೆ ದುಡ್ಡಿಗಾಗಿ ಸಾಲು ನಿಂತಿರುವಾಗ ಯೂನಿಕೋಡ್ ಎಷ್ಟು ಒಳ್ಳೆಯದು ಎಂಬ ವಿವರಣೆಯಿಂದ ಯಾರಿಗೂ ಉಪಯೋಗವಿಲ್ಲ.

ಈ ಸಂಘವನ್ನೂ ತಂತ್ರಾಂಶವನ್ನೂ ಉದಾಹರಣೆಗೆಂದು ಕಟ್ಟಿಕೊಂಡಿದ್ದೇನೆ. ಲೇಖನದುದ್ದಕ್ಕೂ ಇದೇ ಉದಾಹರಣೆಯನ್ನು ಹಿಡಿದು ಹೋಗೋಣ. ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಎಂದು ಶುರುವಾದದ್ದನ್ನು ನಿಜವಾಗಿಯೂ ನಾಲ್ಕು ಜನ ಬಳಸತೊಡಗಿದಾಗ, ಅದನ್ನು ನಡೆಸುವವರಿಗೆ ಯಾರೂ ಕಲಿಸದ ಕೆಲಸವೆಂದರೆ ಇದು: ಬದಲಾವಣೆಯನ್ನು ಹೇಳುವುದು. ಕೋಡ್ ಬರೆಯುವುದನ್ನು ಸಿಲಬಸ್ ಕಲಿಸುತ್ತದೆ. ನಿಮ್ಮ ಕೋಡನ್ನು ನಂಬಿ ಕೂತವರಿಗೆ ಹೇಗೆ ಮಾತು ತಲುಪಿಸಬೇಕು ಎಂಬುದನ್ನು ಕಲಿಸುವುದಿಲ್ಲ.

ಹೆಜ್ಜೆ 1: ತೊಂದರೆ ಯಾರಿಗೆ ಎಂದು ಮೊದಲು ಬರೆದುಕೊಳ್ಳಿ

ಪ್ರಕಟಣೆಯ ಮೊದಲ ಸಾಲು ಬರೆಯುವುದಕ್ಕೂ ಮುಂಚೆ ಒಂದು ಹಾಳೆ ತೆಗೆದುಕೊಂಡು, ಈ ಬದಲಾವಣೆಯಿಂದ ಯಾರ ಕೆಲಸ ನಿಲ್ಲಬಹುದು ಎಂದು ಬರೆಯಿರಿ. "ಬಳಕೆದಾರರು" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ನಮ್ಮ ಉದಾಹರಣೆಯಲ್ಲೇ ಎಷ್ಟು ಬಗೆಯ ಜನ ಇದ್ದಾರೆ ನೋಡಿ. ಪರದೆಯ ಮುಂದೆ ಕೂರುವ ಸೆಕ್ರೆಟರಿ ಒಬ್ಬರು. ನಿಮ್ಮ ವರದಿಯ ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಕೋಷ್ಟಕವನ್ನು) ಓದಿ ಮತ್ತೊಂದು ಲೆಕ್ಕ ಮಾಡುವ ಸ್ಕ್ರಿಪ್ಟ್ ಬರೆದ ಡೆವಲಪರ್ ಇನ್ನೊಬ್ಬರು. ತಂತ್ರಾಂಶದ ಮಾತುಗಳನ್ನು ಕನ್ನಡಕ್ಕೆ ತಂದ ಅನುವಾದಕರು, ಲಿನಕ್ಸ್ ವಿತರಣೆಗೆ ಪ್ಯಾಕೇಜ್ ಕಟ್ಟಿಕೊಡುವವರು, ವಿಡಿಯೊ ಮಾಡಿ ಬಳಕೆ ಕಲಿಸಿದವರು ಬೇರೆ ಬೇರೆ.

ಇವರೆಲ್ಲರ ನಡುವೆ ಬಹಳ ಪ್ರಾಜೆಕ್ಟುಗಳು ಮರೆಯುವ ಒಬ್ಬರಿದ್ದಾರೆ: ತಂತ್ರಾಂಶವನ್ನು ಹಾಕಿಕೊಟ್ಟವರು. ಸೆಕ್ರೆಟರಿ ಕೋಡ್ ಇಟ್ಟಿರುವ ಗಿಟ್‌ಹಬ್ ತಾಣ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಮಂಡ್ಯದಿಂದ ಬೈಕಿನಲ್ಲಿ ಬಂದು ಪ್ರಿಂಟರ್ ಸರಿಮಾಡಿ, ಅಪ್‌ಡೇಟ್ ಹಾಕಿ ಹೋಗುವ ಹುಡುಗನೇ ನಿಮಗೂ ಅವರಿಗೂ ನಡುವಿನ ಕೊಂಡಿ. ಅವನಿಗೆ ಒಂದು ವಾರ ಮುಂಚೆ ಗೊತ್ತಾದರೆ ಹತ್ತು ಸಂಘಗಳಿಗೆ ಗೊತ್ತಾದಂತೆ. ನಿಮ್ಮ ಪಟ್ಟಿಯಲ್ಲಿ ಇಂಥವರು ಇಲ್ಲದಿದ್ದರೆ ಪಟ್ಟಿ ಇನ್ನೂ ಮುಗಿದಿಲ್ಲ.

ಪ್ರತಿಯೊಬ್ಬರ ಮುಂದೆಯೂ ಎರಡು ವಿಷಯ ಬರೆಯಿರಿ: ಏನು ಕೆಡುತ್ತದೆ, ಕೆಟ್ಟದ್ದು ಅವರಿಗೆ ಯಾವಾಗ ಗೊತ್ತಾಗುತ್ತದೆ. ಎರಡನೆಯದು ಹೆಚ್ಚು ಮುಖ್ಯ. ಪ್ರೋಗ್ರಾಂ ತಕ್ಷಣ ತಪ್ಪು ತೋರಿಸಿ ನಿಂತರೆ ಅದು ಸಣ್ಣ ತೊಂದರೆ. ಸುಮ್ಮನೆ ತಪ್ಪು ಅಂಕಿ ಬರೆಯುತ್ತಾ ಹೋಗಿ, ಮಾರ್ಚ್ 31ರ ಲೆಕ್ಕ ಮುಗಿಸುವಾಗ ಗೊತ್ತಾದರೆ ಅದು ದೊಡ್ಡದು. ಪ್ರಕಟಣೆಯ ದನಿ ಎಷ್ಟು ಗಟ್ಟಿಯಾಗಿರಬೇಕು ಎಂಬುದನ್ನು ಈ ಎರಡನೇ ಉತ್ತರ ನಿರ್ಧರಿಸಲಿ.

ಹೆಜ್ಜೆ 2: ಯಾವುದನ್ನು ದೊಡ್ಡ ಬದಲಾವಣೆ ಎನ್ನಬೇಕು

ಡೆವಲಪರ್‌ಗಳು ಫಂಕ್ಷನ್ ತೆಗೆದದ್ದನ್ನು, ಹೆಸರು ಬದಲಿಸಿದ್ದನ್ನು ತಪ್ಪದೆ ಬರೆಯುತ್ತಾರೆ. ಬಿಟ್ಟುಹೋಗುವುದು ಬೇರೆಯವು: ಡಿಫಾಲ್ಟ್ (ಏನೂ ಆರಿಸದಿದ್ದರೆ ತಾನಾಗಿ ಬರುವ) ಮೌಲ್ಯ ಬದಲಾದದ್ದು, ಪಟ್ಟಿಯ ಕ್ರಮ ಬದಲಾದದ್ದು, ಫೈಲ್ ಬೇರೆ ಫೋಲ್ಡರಿಗೆ ಹೋದದ್ದು, ಪೈಥಾನ್ ಅಥವಾ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಗೆ ಬೆಂಬಲ ನಿಂತದ್ದು, ದುಂಡಂಕಿ ಮಾಡುವ ರೀತಿ ಬದಲಾದದ್ದು, ಲೈಸೆನ್ಸ್ ಬದಲಾದದ್ದು. ತಪ್ಪು ಸಂದೇಶದ ಒಕ್ಕಣೆಯನ್ನೇ ಹುಡುಕುವ ಸ್ಕ್ರಿಪ್ಟುಗಳೂ ಇರುತ್ತವೆ. ನೀವು ದಾಖಲೆಯಲ್ಲಿ ಭರವಸೆ ಕೊಟ್ಟಿರಲಿ ಬಿಡಲಿ, ಹೊರಗೆ ಕಾಣುವ ಪ್ರತಿಯೊಂದನ್ನೂ ಯಾರೋ ನಂಬಿಕೊಂಡಿರುತ್ತಾರೆ.

ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುವವರಿದ್ದಾರೆ ಎಂಬುದಕ್ಕೆ ನಮ್ಮ ಭಾಷೆಯದೇ ಒಂದು ಉದಾಹರಣೆ ಇದೆ. ಹಳಗನ್ನಡದ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ 'ಕನ್ನಡ ಲೆಟರ್ ಎಫ್‌ಎ' ಎಂಬ ಹೆಸರು ಬಿದ್ದಿದೆ. ತಪ್ಪು ಎಂದು ಎಲ್ಲರಿಗೂ ಗೊತ್ತು. ಆದರೂ ಒಮ್ಮೆ ಪ್ರಕಟವಾದ ಅಕ್ಷರದ ಹೆಸರನ್ನು ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ನಿಯಮ, ಏಕೆಂದರೆ ಆ ಹೆಸರನ್ನೇ ನಂಬಿದ ಪ್ರೋಗ್ರಾಂಗಳು ಎಲ್ಲಿವೆಯೋ ಯಾರಿಗೂ ತಿಳಿಯದು. ಹಾಗಾಗಿ ಹಳೆಯ ಹೆಸರನ್ನು ಹಾಗೇ ಬಿಟ್ಟು, ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, ಅದನ್ನು ಶುರುಮಾಡಿದ ಲೀನಸ್ ಟೋರ್ವಾಲ್ಡ್ಸ್ ಬಿಡದೆ ಹಿಡಿದುಕೊಂಡು ಬಂದ ನಿಯಮವೂ ಇದೇ ಜಾತಿಯದು: ಕರ್ನಲ್ ಬದಲಾದರೆ ಅದರ ಮೇಲೆ ಓಡುತ್ತಿರುವ ಜನರ ಪ್ರೋಗ್ರಾಂ ಕೆಡಬಾರದು. ನಿಮ್ಮ ಪ್ರಾಜೆಕ್ಟು ಇಷ್ಟು ಕಟ್ಟುನಿಟ್ಟಾಗಿ ಇರಬೇಕಿಲ್ಲ. ಆದರೆ "ಬದಲಿಸದೆಯೇ ಆಗುತ್ತದೆಯೇ" ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಹೇಳುವ ಅಗತ್ಯವೇ ಬಾರದ ಬದಲಾವಣೆಗಿಂತ ಸುಲಭವಾದದ್ದಿಲ್ಲ.

ತೆಗೆದುಹಾಕುವುದೂ ಬದಲಾವಣೆಯೇ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ 'ಲೆಫ್ಟ್-ಪ್ಯಾಡ್' ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಹಿಂತೆಗೆದುಕೊಂಡಾಗ, ಅದನ್ನು ಬೇರೆ ಪ್ಯಾಕೇಜುಗಳ ಮೂಲಕ ಬಳಸುತ್ತಿದ್ದೇವೆ ಎಂಬುದೇ ಗೊತ್ತಿಲ್ಲದ ಅಸಂಖ್ಯ ಪ್ರಾಜೆಕ್ಟುಗಳ ಬಿಲ್ಡ್ (ಕೋಡಿನಿಂದ ತಂತ್ರಾಂಶ ಕಟ್ಟುವ ಕೆಲಸ) ಒಡೆಯಿತು.

ಆವೃತ್ತಿ ಸಂಖ್ಯೆಯ ಮಾತು ಬೇಗ ಮುಗಿಸೋಣ. ಆವೃತ್ತಿಗೆ ಮೂರು ಅಂಕಿ ಕೊಡುವ ಸೆಮ್ಯಾಂಟಿಕ್ ವರ್ಷನಿಂಗ್ ಪದ್ಧತಿಯ ಪ್ರಕಾರ ಮೊದಲ ಅಂಕಿ ಏರಿದರೆ ಹಳೆಯದು ಕೆಡಬಹುದು, ನಡುವಿನದು ಏರಿದರೆ ಹೊಸ ಸೌಲಭ್ಯ ಬಂದಿದೆ, ಕೊನೆಯದು ಏರಿದರೆ ದೋಷ ತಿದ್ದಿದೆ. ಮೊದಲ ಅಂಕಿ ಸೊನ್ನೆ ಇರುವವರೆಗೆ ಏನು ಬೇಕಾದರೂ ಬದಲಾಗಬಹುದು. ಈ ಪದ್ಧತಿಯನ್ನು ಅನುಸರಿಸಿ. ಆದರೆ 2.9 ಹೋಗಿ 3.0 ಆದದ್ದನ್ನೇ ಪ್ರಕಟಣೆ ಎಂದುಕೊಳ್ಳಬೇಡಿ. ಏನೋ ಕೆಟ್ಟಿದೆ ಎಂದಷ್ಟೇ ಅಂಕಿ ಹೇಳುತ್ತದೆ. ಯಾವುದು, ಯಾರಿಗೆ, ಮುಂದೇನು ಎಂಬುದನ್ನು ನೀವೇ ಹೇಳಬೇಕು.

ಹೆಜ್ಜೆ 3: ಕೋಡ್ ಬರೆಯುವ ಮೊದಲೇ ಪ್ರಸ್ತಾವ ಇಡಿ

ಒಂದೇ ಊರಿನಲ್ಲಿರುವ ಗುಂಪಿಗೆ ಒಂದು ಅನುಕೂಲವಿದೆ: ಸಂಜೆ ಕಾಫಿಗೆ ಸೇರಿದಾಗ ಎಲ್ಲವನ್ನೂ ಮಾತಾಡಿ ಮುಗಿಸಬಹುದು. ಅದೇ ತೊಡಕೂ ಹೌದು. ಮೈಸೂರಿನ ಸರಸ್ವತಿಪುರಂನ ಹೋಟೆಲಿನಲ್ಲಿ ನಿರ್ಧಾರವಾದದ್ದು ಕಲಬುರಗಿಯಲ್ಲಿ ಕೂತು ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುವವರಿಗೆ ತಿಳಿಯುವುದಿಲ್ಲ. ವಾಟ್ಸ್ಆ್ಯಪ್ ಗುಂಪಿನ ಚರ್ಚೆಯೂ ಹಾಗೆಯೇ. ಆರು ತಿಂಗಳ ಮೇಲೆ "ಇದನ್ನು ಏಕೆ ಹೀಗೆ ಮಾಡಿದಿರಿ" ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಮಾತು ಎಲ್ಲೇ ಆಗಲಿ, ಅದರ ಸಾರ ಪ್ರಾಜೆಕ್ಟಿನ ಇಶ್ಯೂ ಪಟ್ಟಿಯಲ್ಲಿ, ಅಂದರೆ ದೂರು, ಚರ್ಚೆಗಳು ದಾಖಲಾಗುವ ಪುಟದಲ್ಲಿ, ಬರಹವಾಗಿ ಇರಬೇಕು.

ಪ್ರಸ್ತಾವ ಉದ್ದವಾಗಬೇಕಿಲ್ಲ. ಈಗಿನ ತೊಂದರೆ ಏನು, ಏನು ಮಾಡಬೇಕೆಂದಿದ್ದೀರಿ, ಇನ್ಯಾವ ದಾರಿಗಳಿದ್ದವು, ಅವನ್ನು ಏಕೆ ಬಿಟ್ಟಿರಿ, ಯಾರ ಕೆಲಸ ಕೆಡುತ್ತದೆ ಎಂದು ಬರೆದು ಎರಡು ವಾರ ಬಿಡಿ. ಕೊನೆಯ ದಿನಾಂಕ ಸ್ಪಷ್ಟವಾಗಿರಲಿ. "ಅಭಿಪ್ರಾಯ ತಿಳಿಸಿ" ಎಂದಷ್ಟೇ ಬರೆದರೆ ಉತ್ತರ ಬರುವುದು ಕಡಿಮೆ. "ನಮ್ಮ ಸಿಎಸ್‌ವಿ ಫೈಲನ್ನು ಬೇರೆ ಪ್ರೋಗ್ರಾಂನಲ್ಲಿ ಓದುತ್ತಿರುವವರು ಯಾರಾದರೂ ಇದ್ದೀರಾ? ಯಾವ ಭಾಷೆಯಲ್ಲಿ ಓದುತ್ತಿದ್ದೀರಿ?" ಎಂದು ನೇರವಾಗಿ ಕೇಳಿ. ನಿಮಗೆ ಗೊತ್ತೇ ಇಲ್ಲದ ಬಳಕೆದಾರರು ಹೊರಬರುವುದು ಇಂಥ ಪ್ರಶ್ನೆಗೆ.

ಆಕ್ಷೇಪ ಬಂದರೆ ಬೇಸರ ಬೇಡ. ಆ ಆಕ್ಷೇಪವೇ ನಾಳೆ ನಿಮ್ಮ ಪ್ರಕಟಣೆಯಲ್ಲಿ ಒಂದು ಸಾಲಾಗುತ್ತದೆ.

ಹೆಜ್ಜೆ 4: ಗಡುವು ಗೊತ್ತುಮಾಡಿ

ಸಮಯ ಕೊಡುವುದೆಂದರೆ ಎಷ್ಟು? ಪೈಥಾನ್ 3.0 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹಳೆಯ 2.7ಕ್ಕೆ ಮೊದಲು ಗೊತ್ತುಮಾಡಿದ್ದ ಅವಧಿ 2015ಕ್ಕೆ ಮುಗಿಯಬೇಕಿತ್ತು. ಜನ ಇನ್ನೂ ದಾಟಿಲ್ಲ ಎಂಬುದನ್ನು ಕಂಡು 2014ರಲ್ಲಿ ಅದನ್ನು 2020ಕ್ಕೆ ಮುಂದೂಡಿದರು. 2020ರ ಜನವರಿ 1ಕ್ಕೆ ಬೆಂಬಲ ನಿಂತಿತು. ಹನ್ನೊಂದು ವರ್ಷ ಎಂಬುದು ನಿಮ್ಮ ಪ್ರಾಜೆಕ್ಟಿಗೆ ಮಾದರಿಯಲ್ಲ. ಆದರೆ ಅದರಲ್ಲಿ ಎರಡು ವಿಷಯ ಕಲಿಯುವಂಥದ್ದು: ದಿನಾಂಕ ಎಲ್ಲರಿಗೂ ತಿಳಿದಿತ್ತು, ಮುಂದೂಡಿದಾಗಲೂ ಬಹಿರಂಗವಾಗಿ ಒಂದೇ ಸಲ ಮುಂದೂಡಿದರು. ತಿಂಗಳಿಗೊಮ್ಮೆ ಗಡುವು ಬದಲಿಸುವ ಪ್ರಾಜೆಕ್ಟಿನ ಮಾತನ್ನು ಮೂರನೇ ಸಲ ಯಾರೂ ಕೇಳುವುದಿಲ್ಲ.

ಇಂದಿನ ಪೈಥಾನ್ ಪದ್ಧತಿಯಲ್ಲಿ, ಒಂದು ಸೌಲಭ್ಯವನ್ನು ತೆಗೆಯುವ ಮೊದಲು ಕನಿಷ್ಠ ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಕೊಡಬೇಕು. ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ 'ಡಿಸ್ಟ್‌ಯುಟಿಲ್ಸ್' ಹೋದದ್ದು ಹಾಗೆಯೇ: 3.10ರಲ್ಲಿ ಎಚ್ಚರಿಕೆ, 3.12ರಲ್ಲಿ ತೆಗೆದದ್ದು. ಸಣ್ಣ ಪ್ರಾಜೆಕ್ಟಿಗೆ ನನ್ನ ಸಲಹೆ ಇಷ್ಟು: ಎಚ್ಚರಿಕೆ ಕೊಡುವ ಆವೃತ್ತಿ ಒಂದು, ಹೊಸದು ಡಿಫಾಲ್ಟ್ ಆಗಿದ್ದು ಹಳೆಯದೂ ಸಿಗುವ ಆವೃತ್ತಿ ಒಂದು, ಹಳೆಯದು ಇಲ್ಲದ ಆವೃತ್ತಿ ಒಂದು. ಪ್ರತಿಯೊಂದರ ನಡುವೆ ಕೆಲವು ತಿಂಗಳು ಇರಲಿ.

ಕ್ಯಾಲೆಂಡರ್ ನೋಡದೆ ದಿನಾಂಕ ಇಡಬೇಡಿ. ಸಹಕಾರ ಸಂಘದವರಿಗೆ ಮಾರ್ಚ್ ಪೂರ್ತಿ ಲೆಕ್ಕದ ತಿಂಗಳು. ಬಟವಾಡೆಯ ಹಿಂದಿನ ದಿನ, ಆ ದಿನ ಎರಡೂ ಬೇಡ. ದಸರಾ ರಜೆಯಲ್ಲಿ ಮೈಸೂರಿನ ಕಡೆ ಬಿಡುಗಡೆ ಮಾಡಿದರೆ ತೊಂದರೆಯಾದವರ ಫೋನ್ ಎತ್ತುವವರೂ ಇರುವುದಿಲ್ಲ. ಆಯುಧಪೂಜೆಯ ದಿನ ಎಷ್ಟೋ ಕಚೇರಿಗಳಲ್ಲಿ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಆಫ್ ಮಾಡಿ ಇಟ್ಟಿರುತ್ತಾರೆ. ಅಂದು ಕಳಿಸಿದ ಸುದ್ದಿಯನ್ನು ಓದುವವರಿಲ್ಲ. ಶುಕ್ರವಾರ ಸಂಜೆಯ ಬಿಡುಗಡೆಯೂ ಹಾಗೆಯೇ. ವಾರದ ನಡುವೆ, ಬೆಳಿಗ್ಗೆ, ನೀವು ಮುಂದಿನ ಎರಡು ದಿನ ಕೈಗೆ ಸಿಗುವಂತಿರುವಾಗ ಬಿಡುಗಡೆ ಮಾಡಿ.

ಹೆಜ್ಜೆ 5: ಪ್ರಕಟಣೆ ಬರೆಯುವುದು

ಇಡೀ ಕೆಲಸದ ತಿರುಳು ಇದು. ಕೆಆರ್‌ಎಸ್ ತುಂಬಿ ನದಿಗೆ ನೀರು ಬಿಡುವ ಮೊದಲು ತಗ್ಗು ಪ್ರದೇಶದವರಿಗೆ ಬರುವ ಎಚ್ಚರಿಕೆ ಓದಿದ್ದೀರಲ್ಲ. ಎಷ್ಟು ಕ್ಯೂಸೆಕ್ ನೀರು ಬರಬಹುದು, ನದಿ ಪಾತ್ರದ ಜನ ದನಕರು, ಸಾಮಾನು ಸರಂಜಾಮು ಸಮೇತ ಸುರಕ್ಷಿತ ಜಾಗಕ್ಕೆ ಹೋಗಬೇಕು ಎಂಬುದೇ ಅದರಲ್ಲಿ ಮೊದಲು. ಕೊಡಗಿನಲ್ಲಿ ಮಳೆ ಹೇಗಾಯಿತು ಎಂಬ ವಿವರ ಆಮೇಲೆ. ನಿಮ್ಮ ಪ್ರಕಟಣೆಯೂ ಈ ಕ್ರಮದಲ್ಲೇ ಇರಲಿ: ಏನು ಬದಲಾಗುತ್ತದೆ, ಯಾರಿಗೆ, ಯಾವಾಗಿನಿಂದ, ಅವರು ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ, ಹಳೆಯದೇ ಬೇಕಿದ್ದರೆ ದಾರಿ ಏನು. ಏಕೆ ಬದಲಿಸಿದಿರಿ ಎಂಬುದನ್ನು ಇಷ್ಟರ ನಂತರ ಬರೆಯಿರಿ. ನೀವು ಪಟ್ಟ ಶ್ರಮದ ಕಥೆ ಬೇರೆ ಲೇಖನವಾಗಲಿ. ಅದನ್ನೂ ಓದುವವರಿದ್ದಾರೆ, ಆದರೆ ಇಲ್ಲಿ ಅಲ್ಲ.

ಸಾಮಾನ್ಯವಾಗಿ ಕಾಣುವ ಪ್ರಕಟಣೆ ಹೀಗಿರುತ್ತದೆ: "ಎನ್‌ಕೋಡಿಂಗ್ ಮಾಡ್ಯೂಲನ್ನು ಪುನರ್‌ರಚಿಸಲಾಗಿದೆ. ಹಲವು ಸುಧಾರಣೆಗಳನ್ನು ಮಾಡಲಾಗಿದೆ." ಬರೆದವರಿಗೆ ಇದರಲ್ಲಿ ಮೂರು ತಿಂಗಳ ಕೆಲಸ ಕಾಣುತ್ತದೆ. ಓದುವವರಿಗೆ ಏನೂ ಕಾಣುವುದಿಲ್ಲ. ಇದನ್ನೇ ಡೆವಲಪರ್‌ಗಳಿಗಾಗಿ ಹೀಗೆ ಬರೆಯಬಹುದು (ಎನ್‌ಕೋಡಿಂಗ್ ಎಂದರೆ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ರೀತಿ, ಯುಟಿಎಫ್-8 ಎಂದರೆ ಯೂನಿಕೋಡಿಗೆ ಬಳಸುವ ಅಂಥ ಒಂದು ರೀತಿ, ಬಿಒಎಂ ಎಂದರೆ ಅದನ್ನು ಸೂಚಿಸಲು ಫೈಲಿನ ಮೊದಲಿಗೆ ಇಡುವ ಗುರುತು, ಎಪಿಐ ಎಂದರೆ ಒಂದು ಪ್ರೋಗ್ರಾಂ ಇನ್ನೊಂದರಿಂದ ನೇರವಾಗಿ ಮಾಹಿತಿ ಕೇಳುವ ದಾರಿ):

"ಆವೃತ್ತಿ 3.0, ಜನವರಿ 15: ವರದಿ ಫೈಲುಗಳು ಇನ್ನು ಮುಂದೆ ನುಡಿ ಆಸ್ಕಿಯಲ್ಲಿ ಅಲ್ಲ, ಯುಟಿಎಫ್-8ರಲ್ಲಿ ಇರುತ್ತವೆ.

ಯಾರು ಗಮನಿಸಬೇಕು: ನಮ್ಮ ಸಿಎಸ್‌ವಿ ಫೈಲನ್ನು ಓದುವ ಸ್ಕ್ರಿಪ್ಟ್ ಇರುವವರು. ಎಪಿಐ ಮಾತ್ರ ಬಳಸುವವರು ಏನೂ ಮಾಡಬೇಕಿಲ್ಲ.

ಏನು ಮಾಡಬೇಕು: ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಸಾಲನ್ನು ನಿಮ್ಮ ಸ್ಕ್ರಿಪ್ಟಿನಿಂದ ತೆಗೆಯಿರಿ. ತೆಗೆಯದಿದ್ದರೆ ಸದಸ್ಯರ ಹೆಸರುಗಳು ಕೆಡಬಹುದು, ತಪ್ಪು ಸಂದೇಶವೂ ಬಾರದಿರಬಹುದು. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡ ಸರಿಯಾಗಿ ಕಾಣಲೆಂದು ಫೈಲಿನ ಆರಂಭದಲ್ಲಿ ಬಿಒಎಂ ಗುರುತು ಇರುತ್ತದೆ. ಪೈಥಾನ್‌ನಲ್ಲಿ ಓದುವವರು ಎನ್‌ಕೋಡಿಂಗ್ ಅನ್ನು 'ಯುಟಿಎಫ್-8-ಸಿಗ್' ಎಂದು ಕೊಡಿ. ಇಲ್ಲವಾದರೆ ಮೊದಲ ಕಾಲಮ್ಮಿನ ಹೆಸರಿಗೆ ಕಣ್ಣಿಗೆ ಕಾಣದ ಅಕ್ಷರವೊಂದು ಅಂಟಿಕೊಂಡು ಹೋಲಿಕೆ ತಪ್ಪುತ್ತದೆ.

ಹಳೆಯ ರೀತಿ ಬೇಕಿದ್ದರೆ: 3ರ ಸರಣಿಯಲ್ಲೆಲ್ಲ 'ಹಳೆಯ ಎನ್‌ಕೋಡಿಂಗ್' ಸೆಟ್ಟಿಂಗ್ ಇರುತ್ತದೆ. 4.0ರಲ್ಲಿ ತೆಗೆಯುತ್ತೇವೆ, 4.0 ಜುಲೈ 1ಕ್ಕಿಂತ ಮುಂಚೆ ಬರುವುದಿಲ್ಲ.

ಏಕೆ: ಹಳೆಯ ಫೈಲಿನಲ್ಲಿ ಹೆಸರು ಹುಡುಕಲು, ಅಕಾರಾದಿಯಾಗಿ ಜೋಡಿಸಲು ಆಗುತ್ತಿರಲಿಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲೂ ಆಗುತ್ತಿರಲಿಲ್ಲ."

ಬಿಒಎಂ ಕುರಿತ ಆ ವಾಕ್ಯ ನೋಡಿ. ಅದು ಇಲ್ಲದಿದ್ದರೂ ಪ್ರಕಟಣೆ ಪೂರ್ಣವಾಗಿದೆ ಎನ್ನಿಸುತ್ತಿತ್ತು. ಆದರೆ ಒಬ್ಬ ಡೆವಲಪರ್ ಅರ್ಧ ದಿನ ತಲೆ ಕೆಡಿಸಿಕೊಳ್ಳುವುದು ಇಂಥ ಜಾಗದಲ್ಲೇ. ಪ್ರಕಟಣೆ ಬರೆಯುವವರು ತಾವೇ ಒಮ್ಮೆ ಹಳೆಯ ಸ್ಕ್ರಿಪ್ಟನ್ನು ಹೊಸದಕ್ಕೆ ಬದಲಿಸಿ ನೋಡಿದರೆ ಮಾತ್ರ ಇದು ಸಿಗುತ್ತದೆ. ಕೂತು ಯೋಚಿಸಿದರೆ ಸಿಗುವುದಿಲ್ಲ.

ಸೆಕ್ರೆಟರಿಗೆ ಹೋಗುವುದು ಇದರ ಸಂಕ್ಷೇಪವಲ್ಲ, ಬೇರೆಯದೇ ಬರಹ:

"ಜನವರಿ 15ರಿಂದ ರಸೀದಿ, ವರದಿಗಳು ಹೊಸ ಅಕ್ಷರ ಮಾದರಿಯಲ್ಲಿ ಬರುತ್ತವೆ. ಅಪ್‌ಡೇಟ್ ಆದ ಮೇಲೆ 'ಸೆಟ್ಟಿಂಗ್ಸ್' ಒಳಗೆ 'ರಸೀದಿ ಮಾದರಿ' ಒತ್ತಿ, 'ಹೊಸ ಮಾದರಿ' ಆರಿಸಿ, ಒಂದು ರಸೀದಿ ಪ್ರಿಂಟ್ ತೆಗೆದು ನೋಡಿ. ಸದಸ್ಯರ ಪಟ್ಟಿ, ದರಪಟ್ಟಿ, ಹಿಂದಿನ ಲೆಕ್ಕ ಯಾವುದೂ ಬದಲಾಗುವುದಿಲ್ಲ. ಪ್ರಿಂಟ್ ಸರಿ ಬಾರದಿದ್ದರೆ ಅಲ್ಲೇ 'ಹಳೆಯ ಮಾದರಿ' ಒತ್ತಿ ಬಟವಾಡೆ ಮುಗಿಸಿ. ಜೂನ್ 30ರವರೆಗೆ ಅದೂ ನಡೆಯುತ್ತದೆ. ತಂತ್ರಾಂಶ ಹಾಕಿಕೊಟ್ಟವರಿಗೆ ಈ ಹಾಳೆ ತೋರಿಸಿ."

ಇಲ್ಲಿ ಯೂನಿಕೋಡ್ ಎಂಬ ಮಾತೇ ಇಲ್ಲ, ಬೇಕಾಗಿಯೂ ಇಲ್ಲ. ಪರದೆಯ ಮೇಲೆ ಬಟನ್ನಿನಲ್ಲಿ ಏನು ಬರೆದಿದೆಯೋ ಅದನ್ನೇ ಅಕ್ಷರಶಃ ಬರೆಯಿರಿ. ಅಲ್ಲಿ 'ಸೆಟ್ಟಿಂಗ್ಸ್' ಎಂದಿದ್ದು ನೀವು 'ಹೊಂದಿಕೆಗಳು' ಎಂದು ಬರೆದರೆ ಅವರು ಹುಡುಕುತ್ತಾ ಕೂರಬೇಕು.

ಏನು ಬದಲಾಗುವುದಿಲ್ಲ ಎಂಬ ಸಾಲನ್ನು ಎಂದೂ ಬಿಡಬೇಡಿ. ತಂತ್ರಾಂಶಗಳನ್ನು ಕಂಟೇನರ್ ಎಂಬ ಪೊಟ್ಟಣಗಳಲ್ಲಿ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್‌ನ 1.20 ಆವೃತ್ತಿ 2020ರ ಡಿಸೆಂಬರ್‌ನಲ್ಲಿ ಬಂದಾಗ, ಆ ಪೊಟ್ಟಣಗಳನ್ನು ಓಡಿಸಲು ಡಾಕರ್ ಎಂಬ ತಂತ್ರಾಂಶವನ್ನು ಬಳಸುವ 'ಡಾಕರ್‌ಶಿಮ್' ಮುಂದೆ ಹೋಗಲಿದೆ ಎಂದು ಹೇಳಿದರು. ಡಾಕರ್‌ನಲ್ಲಿ ಕಟ್ಟಿದ ಇಮೇಜುಗಳೇ (ಪೊಟ್ಟಣದ ಮೂಲ ಪ್ರತಿಗಳೇ) ಇನ್ನು ಓಡುವುದಿಲ್ಲವೇನೋ ಎಂದು ಬಹಳ ಜನ ಗಾಬರಿಯಾದರು. ಇಮೇಜುಗಳಿಗೆ ಏನೂ ಆಗುತ್ತಿರಲಿಲ್ಲ. ಗಾಬರಿ ಬೇಡ ಎಂದು ವಿವರಿಸುವ ಪ್ರತ್ಯೇಕ ಬರಹವನ್ನೇ ತಂಡ ಪ್ರಕಟಿಸಬೇಕಾಯಿತು. ಡಾಕರ್‌ಶಿಮ್ ನಿಜವಾಗಿ ಹೋದದ್ದು 2022ರ ಮೇ ತಿಂಗಳ 1.24ರಲ್ಲಿ. ಅಷ್ಟು ದೊಡ್ಡ ತಂಡಕ್ಕೂ ಹೀಗಾಗುತ್ತದೆ ಎಂದ ಮೇಲೆ, ನಮ್ಮ ಪ್ರಕಟಣೆಯನ್ನು ಪ್ರಾಜೆಕ್ಟಿಗೆ ಹೊರಗಿನವರೊಬ್ಬರಿಗೆ ಮೊದಲು ಓದಿಸಿ, "ನಿಮಗೆ ಏನು ಅರ್ಥವಾಯಿತು ಹೇಳಿ" ಎಂದು ಕೇಳುವುದಕ್ಕೆ ಸಂಕೋಚಪಡಬಾರದು.

ಹೆಜ್ಜೆ 6: ತಂತ್ರಾಂಶವೇ ಮಾತಾಡಲಿ

ಯಾವ ಪ್ರಕಟಣೆಯನ್ನೂ ಓದದವರು ಇದ್ದೇ ಇರುತ್ತಾರೆ. ಅವರು ತಂತ್ರಾಂಶವನ್ನಂತೂ ಬಳಸುತ್ತಾರೆ. ಹಾಗಾಗಿ ಅತಿ ಖಚಿತವಾದ ದಾರಿ ತಂತ್ರಾಂಶದ ಒಳಗೇ ಇದೆ.

ಇದನ್ನು ಚೆನ್ನಾಗಿ ಮಾಡಿದವರು, ಕೋಡಿನ ಬದಲಾವಣೆಗಳನ್ನು ದಾಖಲಿಸಿ ಇಡುವ ಗಿಟ್ ತಂತ್ರಾಂಶದವರು. 2014ರಲ್ಲಿ ಗಿಟ್ 2.0 ಬಂದಾಗ, ಬರೀ 'ಪುಶ್' (ಬದಲಾವಣೆಗಳನ್ನು ಸರ್ವರಿಗೆ ಕಳಿಸುವ ಆದೇಶ) ಎಂದು ಕೊಟ್ಟರೆ ಏನಾಗಬೇಕು ಎಂಬ ಡಿಫಾಲ್ಟ್ 'ಮ್ಯಾಚಿಂಗ್'ನಿಂದ 'ಸಿಂಪಲ್'ಗೆ ಬದಲಾಯಿತು. ಅದಕ್ಕೂ ಹಿಂದಿನ ಆವೃತ್ತಿಗಳಲ್ಲೇ, ಆ ಸೆಟ್ಟಿಂಗ್ ಮಾಡಿಕೊಳ್ಳದವರು ಪುಶ್ ಮಾಡಿದಾಗ ಒಂದು ಎಚ್ಚರಿಕೆ ಬರುತ್ತಿತ್ತು. ಅದರ ಸಾರ ಇಷ್ಟು: 2.0ರಲ್ಲಿ ಇದು ಬದಲಾಗಲಿದೆ. ಈಗಿನಂತೆಯೇ ಇರಬೇಕಿದ್ದರೆ ಈ ಆದೇಶ ಕೊಡಿ. ಹೊಸದನ್ನು ಈಗಲೇ ಬಳಸಬೇಕಿದ್ದರೆ ಈ ಆದೇಶ ಕೊಡಿ. ಹೆಚ್ಚಿಗೆ ತಿಳಿಯಲು ಇಲ್ಲಿ ನೋಡಿ. ಎರಡು ಆದೇಶಗಳಲ್ಲಿ ಯಾವುದನ್ನು ಕೊಟ್ಟರೂ ಎಚ್ಚರಿಕೆ ನಿಲ್ಲುತ್ತಿತ್ತು. ಕೆಲಸ ಮಾಡುತ್ತಿರುವ ಕ್ಷಣದಲ್ಲೇ, ಕಾಪಿ ಮಾಡಿ ಹಾಕಬಹುದಾದ ಉತ್ತರದ ಜೊತೆಗೆ ಬರುವ ಎಚ್ಚರಿಕೆಗಿಂತ ಬೇರೇನು ಬೇಕು?

ಪೈಥಾನ್ ಲೈಬ್ರರಿ ಬರೆಯುವವರಿಗೆ ಒಂದು ಮಾತು. 'ಡೆಪ್ರಿಕೇಶನ್ ವಾರ್ನಿಂಗ್', ಅಂದರೆ ಇದು ಮುಂದೆ ಹೋಗಲಿದೆ ಎಂಬ ಎಚ್ಚರಿಕೆ, ಬರೆದು ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಪೈಥಾನ್ 2.7, 3.2ರಿಂದ ಈಚೆಗೆ ಅದು ಡಿಫಾಲ್ಟ್ ಆಗಿ ಕಾಣುವುದಿಲ್ಲ. 3.7ರಿಂದ ನೇರವಾಗಿ ಓಡಿಸುವ ಮುಖ್ಯ ಸ್ಕ್ರಿಪ್ಟಿನಲ್ಲಿ ಮಾತ್ರ ಕಾಣುತ್ತದೆ. ನಿಮ್ಮ ಲೈಬ್ರರಿಯನ್ನು ಇನ್ನೊಂದು ಲೈಬ್ರರಿ ಕರೆಯುತ್ತಿದ್ದರೆ ಆ ಎಚ್ಚರಿಕೆ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಟೆಸ್ಟ್ ಓಡಿಸುವವರಿಗೆ ಪೈಟೆಸ್ಟ್ ಎಂಬ ಪರೀಕ್ಷಾ ಸಾಧನ ತೋರಿಸುತ್ತದೆ, ಅಷ್ಟು ಸಮಾಧಾನ. ಪೈಥಾನ್‌ನಲ್ಲಿ ಜಾಲತಾಣ ಕಟ್ಟಲು ಬಳಸುವ ಜ್ಯಾಂಗೊದವರು ಎಚ್ಚರಿಕೆಯ ಹೆಸರಿನಲ್ಲೇ ಅದು ಯಾವ ಆವೃತ್ತಿಯಲ್ಲಿ ಹೋಗುತ್ತದೆ ಎಂದು ಸೇರಿಸುತ್ತಾರೆ. ಹೆಸರು ಓದಿದರೇ ಗಡುವು ಗೊತ್ತಾಗುತ್ತದೆ. ಇದನ್ನು ಧಾರಾಳವಾಗಿ ಅನುಸರಿಸಬಹುದು.

ಒಂದೇ ಎಚ್ಚರಿಕೆಯನ್ನು ಪ್ರತಿ ಸಾಲಿಗೂ ಮುದ್ರಿಸಬೇಡಿ, ಒಮ್ಮೆ ಓಡಿಸಿದರೆ ಒಮ್ಮೆ ಸಾಕು. ಹಳೆಯ ಫಂಕ್ಷನ್ ತೆಗೆದ ಮೇಲೂ ಒಂದು ಆವೃತ್ತಿಯವರೆಗೆ ಆ ಹೆಸರನ್ನು ಉಳಿಸಿ, ಕರೆದರೆ "ಇದು 4.0ರಲ್ಲಿ ಹೋಗಿದೆ, ಬದಲಿಗೆ ಇದನ್ನು ಬಳಸಿ" ಎಂದು ಹೇಳಿ ನಿಲ್ಲುವಂತೆ ಮಾಡಿ. ಎರಡು ಸಾಲಿನ ಕೋಡು, ಎಷ್ಟೋ ಪ್ರಶ್ನೆಗಳನ್ನು ಉಳಿಸುತ್ತದೆ. ಸೆಕ್ರೆಟರಿಗೆ ಕಾಣುವ ಎಚ್ಚರಿಕೆ ಮಾತ್ರ ಕನ್ನಡದಲ್ಲಿರಲಿ, ಹಾಲು ಹಾಕುವ ಹೊತ್ತಿನಲ್ಲಿ ಪರದೆಗೆ ಅಡ್ಡ ಬಾರದಿರಲಿ.

ಹೆಜ್ಜೆ 7: ಎಲ್ಲೆಲ್ಲಿ ಹಾಕಬೇಕು

ಪೂರ್ತಿ ವಿವರ ಒಂದೇ ಜಾಗದಲ್ಲಿರಲಿ. ಉಳಿದೆಡೆಯೆಲ್ಲ ಎರಡು ಸಾಲು ಬರೆದು ಅಲ್ಲಿಗೆ ಕೊಂಡಿ ಕೊಡಿ. ನಾಲ್ಕು ಕಡೆ ನಾಲ್ಕು ರೀತಿ ಬರೆದರೆ, ಗಡುವು ಬದಲಾದಾಗ ಮೂರು ಕಡೆ ತಿದ್ದಿ ಒಂದು ಕಡೆ ಮರೆಯುತ್ತೀರಿ.

ಡೆವಲಪರ್‌ಗಳಿಗೆ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ಫೈಲ್, ರಿಲೀಸ್ ಪುಟ, ಪ್ರಾಜೆಕ್ಟಿನ ಪರಿಚಯ ಕೊಡುವ ರೀಡ್‌ಮಿಯ ಮೇಲ್ಭಾಗದಲ್ಲಿ ಒಂದು ಸಾಲು. ಚೇಂಜ್‌ಲಾಗ್ ಎಂದರೆ ಕಮಿಟ್ ಸಂದೇಶಗಳ (ಕೋಡಿನ ಪ್ರತಿ ಬದಲಾವಣೆಗೂ ಡೆವಲಪರ್ ಬರೆದಿಡುವ ಟಿಪ್ಪಣಿಗಳ) ರಾಶಿಯಲ್ಲ. ಸೇರಿಸಿದ್ದು, ಬದಲಿಸಿದ್ದು, ತೆಗೆದದ್ದು, ತಿದ್ದಿದ್ದು, ಭದ್ರತೆ ಎಂದು ವಿಂಗಡಿಸಿ, ಹಳೆಯದನ್ನು ಕೆಡಿಸುವವನ್ನು ಎಲ್ಲಕ್ಕಿಂತ ಮೇಲೆ ಇಡಿ. ಪ್ಯಾಕೇಜ್ ಕಟ್ಟುವವರಿಗೆ ಬಿಡುಗಡೆಗೆ ಮೊದಲೇ ಒಂದು ಪತ್ರ ಬರೆಯಿರಿ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಇಂಥ ಸುದ್ದಿಗೆಂದೇ ಪ್ಯಾಕೇಜಿನ ಜೊತೆಗೆ ಹೋಗುವ 'ನ್ಯೂಸ್' ಫೈಲ್ ಇದೆ. ಅಪ್‌ಗ್ರೇಡ್ ಮಾಡುವವರಿಗೆ ಅದನ್ನು ತೋರಿಸುವ ಸೌಲಭ್ಯವೂ ಇದೆ.

ಸಂಘಗಳ ವಿಷಯಕ್ಕೆ ಬಂದರೆ, ವಾಟ್ಸ್ಆ್ಯಪ್ ಗುಂಪು ಬೇಕು, ಆದರೆ ಅದನ್ನೇ ನಂಬಬೇಡಿ. ಶುಭಾಶಯಗಳ ಫೋಟೊಗಳ ನಡುವೆ ನಿಮ್ಮ ಸುದ್ದಿ ಮೇಲೆ ಹೋಗಿಬಿಡುತ್ತದೆ. ನೀವು ಮಾತ್ರ ಬರೆಯಬಹುದಾದ, ವರ್ಷಕ್ಕೆ ನಾಲ್ಕೈದು ಸಂದೇಶವಷ್ಟೇ ಬರುವ ಪ್ರತ್ಯೇಕ ಗುಂಪು ಮಾಡಿ. ಅದಕ್ಕಿಂತ ಒಳ್ಳೆಯದು ಎ4 ಹಾಳೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಕಂಪ್ಯೂಟರಿನ ಪಕ್ಕದ ಗೋಡೆಗೆ, ದರಪಟ್ಟಿಯ ಹತ್ತಿರವೇ ಅಂಟಿಸಲು ಹೇಳಿ. ಆ ಜಾಗವನ್ನು ಅವರು ದಿನಾ ನೋಡುತ್ತಾರೆ.

ಅನುವಾದಕರನ್ನು ಬಿಡುಗಡೆಯ ದಿನ ನೆನೆಸಿಕೊಂಡರೆ ಆಗುವುದಿಲ್ಲ. ಲಿನಕ್ಸ್‌ನ ಡೆಸ್ಕ್‌ಟಾಪ್ ಪರಿಸರವಾದ ಗ್ನೋಮ್‌ನಂಥ ಪ್ರಾಜೆಕ್ಟುಗಳಲ್ಲಿ ಬಿಡುಗಡೆಗೆ ಕೆಲವು ವಾರ ಮೊದಲೇ ಪರದೆಯ ಮೇಲಿನ ಪಠ್ಯಕ್ಕೆ ಬೀಗ ಹಾಕುತ್ತಾರೆ. ಆಮೇಲೆ ಪಠ್ಯ ಬದಲಿಸಬೇಕೆಂದರೆ ಒಪ್ಪಿಗೆ ಬೇಕು. ನೀವೂ ಎರಡು ವಾರ ಹಾಗೆ ಮಾಡಿ. ಎಚ್ಚರಿಕೆಯ ಸಂದೇಶ ಕನ್ನಡಕ್ಕೆ ಬಾರದೆ ಉಳಿದರೆ, ಅದನ್ನು ಓದಲೇಬೇಕಾದವರಿಗೇ ಅದು ತಲುಪುವುದಿಲ್ಲ.

ಭದ್ರತೆಯ ದೋಷಕ್ಕೆ ದಾರಿ ಬೇರೆ

ಇಲ್ಲಿಯವರೆಗೆ ಹೇಳಿದ್ದು ಮುಂಚೆಯೇ, ಬಹಿರಂಗವಾಗಿ ಹೇಳುವ ಪದ್ಧತಿ. ಭದ್ರತಾ ದೋಷ ಸಿಕ್ಕರೆ ಇದು ತಿರುಗುಮುರುಗು. ಮೊದಲು ಖಾಸಗಿಯಾಗಿ ತಿದ್ದಿ, ತಿದ್ದಿದ ಆವೃತ್ತಿ ಕೈಗೆ ಸಿಗುವಾಗಲೇ ಎಲ್ಲರಿಗೂ ಒಟ್ಟಿಗೆ ಹೇಳಬೇಕು. ದೋಷ ಕಂಡವರು ಯಾರಿಗೆ ಗುಟ್ಟಾಗಿ ತಿಳಿಸಬೇಕು ಎಂಬ ವಿಳಾಸ ಪ್ರಾಜೆಕ್ಟಿನ 'ಸೆಕ್ಯುರಿಟಿ' ಫೈಲಿನಲ್ಲಿ ಇವತ್ತೇ ಇರಲಿ.

ಪ್ರಕಟಣೆಯಲ್ಲಿ ಯಾವ ಆವೃತ್ತಿಗಳಿಗೆ ತೊಂದರೆ, ನನ್ನ ಹತ್ತಿರ ಇರುವುದು ಯಾವುದು ಎಂದು ನೋಡುವುದು ಹೇಗೆ, ಈಗಲೇ ಅಪ್‌ಡೇಟ್ ಮಾಡಲಾಗದಿದ್ದರೆ ತಾತ್ಕಾಲಿಕವಾಗಿ ಏನು ಮಾಡಬೇಕು ಎಂಬ ಮೂರು ಉತ್ತರ ಇರಲೇಬೇಕು. 2021ರ ಡಿಸೆಂಬರ್‌ನಲ್ಲಿ ಜಾವಾ ತಂತ್ರಾಂಶಗಳು ದಾಖಲೆ ಬರೆಯಲು ಬಳಸುವ ಲಾಗ್4ಜೆ ಲೈಬ್ರರಿಯ ದೋಷ (ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2021-44228) ಹೊರಬಂದಾಗ 2.15.0 ಬಂತು, ಅದು ಸಾಲದೆ 2.16.0, ಅದೇ ತಿಂಗಳಲ್ಲಿ 2.17.0. ಹೀಗಾದಾಗ ಹೊಸ ಪ್ರಕಟಣೆಯ ಮೊದಲ ಸಾಲಲ್ಲೇ "ಹಿಂದಿನದನ್ನು ಹಾಕಿದ್ದರೂ ಮತ್ತೆ ಹಾಕಬೇಕು" ಎಂದು ಬರೆಯಿರಿ. ಇಲ್ಲದಿದ್ದರೆ ಒಮ್ಮೆ ಮಾಡಿದವರು ಮುಗಿಯಿತು ಎಂದುಕೊಂಡಿರುತ್ತಾರೆ. 2024ರ ಮಾರ್ಚ್ 29ರಂದು ಫೈಲು ಕುಗ್ಗಿಸುವ ಎಕ್ಸ್‌ಜೆಡ್ ತಂತ್ರಾಂಶದಲ್ಲಿ ಯಾರೋ ಸೇರಿಸಿದ್ದ ಹಿಂಬಾಗಿಲು (ಕಳ್ಳದಾರಿ) ಬಯಲಾದಾಗ ತೊಂದರೆ ಇದ್ದದ್ದು 5.6.0 ಮತ್ತು 5.6.1ರಲ್ಲಿ, ಆಗ ಸಲಹೆ ಹಿಂದಿನ ಆವೃತ್ತಿಗೆ ಮರಳಿ ಎಂಬುದಾಗಿತ್ತು. ಯಾವಾಗಲೂ "ಹೊಸದಕ್ಕೆ ಹೋಗಿ" ಎಂಬುದೇ ಉತ್ತರವಾಗಿರುವುದಿಲ್ಲ. ಹಾಗಾಗಿ ಅಂಕಿಗಳನ್ನು ಬಿಡಿಸಿ ಬರೆಯಬೇಕು.

ಹೆಜ್ಜೆ 8: ಬಿಡುಗಡೆಯಾದ ಮೇಲೆ

ಬಿಡುಗಡೆಯ ದಿನ ಒಂದು ಇಶ್ಯೂ ತೆರೆದು ಮೇಲೆ ಪಿನ್ ಮಾಡಿ: "3.0ಕ್ಕೆ ಬಂದವರ ಪ್ರಶ್ನೆಗಳು ಇಲ್ಲಿ." ಒಂದೇ ಪ್ರಶ್ನೆ ಎರಡನೇ ಸಲ ಬಂದರೆ ಉತ್ತರಿಸಿ ಸುಮ್ಮನಾಗಬೇಡಿ. ಪ್ರಕಟಣೆಗೇ ಹೋಗಿ ಆ ಸಾಲು ಸೇರಿಸಿ, ಯಾವ ದಿನ ಸೇರಿಸಿದಿರಿ ಎಂದೂ ಬರೆಯಿರಿ. ಫೋನಿನಲ್ಲಿ ಬಂದ ದೂರುಗಳನ್ನು ಕೇಳಿದವರೇ ಆ ಇಶ್ಯೂನಲ್ಲಿ ದಾಖಲಿಸಲಿ. ಹಳ್ಳಿಯ ಬಳಕೆದಾರರ ಮಾತು ಪ್ರಾಜೆಕ್ಟಿಗೆ ತಲುಪಲು ಬೇರೆ ದಾರಿ ಇಲ್ಲ.

ನೀವು ಊಹಿಸದ ಜಾಗದಲ್ಲಿ ಕೆಟ್ಟಿದೆ ಎಂದು ಗೊತ್ತಾದರೆ 3.0ಯನ್ನು ಹಿಂತೆಗೆದುಕೊಳ್ಳಲು ಹಿಂಜರಿಯಬೇಡಿ. ಹಿಂತೆಗೆದುಕೊಂಡದ್ದನ್ನೂ ಇದೇ ಕ್ರಮದಲ್ಲಿ ತಿಳಿಸಿ: ಏನಾಯಿತು, ಯಾರಿಗೆ, ಈಗ ಏನು ಮಾಡಬೇಕು, ಮುಂದಿನ ದಿನಾಂಕ ಯಾವಾಗ. ಈಗಾಗಲೇ 3.0ರಲ್ಲಿ ಬರೆದ ಫೈಲುಗಳ ಗತಿ ಏನು ಎಂಬುದನ್ನು ಬರೆಯಲು ಮರೆಯಬೇಡಿ.

ಗಡುವಿಗೆ ಒಂದು ತಿಂಗಳು, ಒಂದು ವಾರ ಇರುವಾಗ ಮತ್ತೆ ನೆನಪಿಸಿ. ಈ ಸಲ ಉದ್ದ ಬರಹ ಬೇಡ, ಎರಡು ಸಾಲು ಮತ್ತು ಕೊಂಡಿ. ಹಳೆಯ ಮಾದರಿ ತೆಗೆದ ಮೇಲೆ ರೀಡ್‌ಮಿಯ ಮೇಲಿನ ಸಾಲನ್ನು, ಪಿನ್ ಮಾಡಿದ ಇಶ್ಯೂವನ್ನು ತೆಗೆಯಿರಿ, ಸಂಘಗಳ ಗೋಡೆಯ ಹಾಳೆಯನ್ನೂ ತೆಗೆಯಲು ಹೇಳಿ. 2.9ರ ದಾಖಲೆಯನ್ನು ಮಾತ್ರ ಅಳಿಸಬೇಡಿ. ಎರಡು ವರ್ಷದ ಹಿಂದಿನ ವರದಿ ಫೈಲೊಂದನ್ನು ತೆರೆಯಬೇಕಾಗಿ ಬರುವ ಆಡಿಟರ್‌ಗೆ ಆ ಪುಟ ಬೇಕಾಗುತ್ತದೆ.